ಹಿಮದ ಓಟ, ನಾಯಿಯ ಮನಸ್ಸು

ಗ್ಯಾರಿ ಪಾಲ್ಸೆನ್ ಎಂಬ ಅಮೆರಿಕನ್ ಲೇಖಕನ ‘ವಿಂಟರ್‌ಡ್ಯಾನ್ಸ್’ (1994) ನಗಿಸುವ ಪುಸ್ತಕ. ಆದರೆ ಅದೇ ಲೇಖಕ ಅದೇ ಅನುಭವವನ್ನು ನಾಲ್ಕು ವರ್ಷ ಮುಂಚೆ ‘ವುಡ್‌ಸಾಂಗ್’ ಎಂಬ ಪುಟ್ಟ ಪುಸ್ತಕದಲ್ಲಿ ಹೇಳಿದ್ದ. ಎರಡನ್ನೂ ಒಟ್ಟಿಗಿಟ್ಟು ಓದಿದಾಗ ನನಗೆ ಕಂಡ ವ್ಯತ್ಯಾಸ ಬರಿಯ ಶೈಲಿಯದಲ್ಲ. ನಾಯಿಯ ವಿಷಯದಲ್ಲಿ ಮನುಷ್ಯನಿಗಿರುವ ಹೊಣೆಯದು.

ಅನುಭವ ಎಂಥದೆಂದು ಮೊದಲು ಹೇಳಬೇಕು. ಅಲಾಸ್ಕಾದಲ್ಲಿ 1973ರಿಂದ ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ‘ಇಡಿಟರಾಡ್’ ಎಂಬ ಪಂದ್ಯ ನಡೆಯುತ್ತ ಬಂದಿದೆ. ಆಂಕರೇಜ್ ನಗರದ ಕಡೆಯಿಂದ ಬೇರಿಂಗ್ ಸಮುದ್ರದ ದಂಡೆಯ ನೋಮ್ ಊರಿಗೆ ಸುಮಾರು 1,000 ಮೈಲಿ ದಾರಿ. ನಾಯಿಗಳ ಒಂದು ತಂಡ, ಹಿಂದೆ ಒಂದು ಜಾರುಬಂಡಿ, ಅದರ ಮೇಲೆ ನಿಂತ ಒಬ್ಬನೇ ಮನುಷ್ಯ. ಪರ್ವತಶ್ರೇಣಿ, ಹೆಪ್ಪುಗಟ್ಟಿದ ನದಿ, ಕೊನೆಗೆ ಸಮುದ್ರದ ಮಂಜುಗಡ್ಡೆ. ಚಳಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಇಳಿಯುವುದುಂಟು. ಸೆಂಟಿಗ್ರೇಡೋ ಫ್ಯಾರನ್‌ಹೀಟೋ ಎಂದು ಕೇಳಬೇಕಾಗಿಲ್ಲ, ಅಲ್ಲಿ ಎರಡೂ ಒಂದೇ. ಮೊದಲ ವರ್ಷ ಗೆದ್ದವನಿಗೆ 20 ದಿನ ಹಿಡಿದಿತ್ತು. 2017ರಲ್ಲಿ ಗೆದ್ದವನು 8 ದಿನ 3 ಗಂಟೆಯಲ್ಲಿ ತಲುಪಿದ. ಪಾಲ್ಸೆನ್ ಓಡಿದ್ದು 1983ರಲ್ಲಿ ಮತ್ತು 1985ರಲ್ಲಿ. ಮೊದಲ ಸಲ 17 ದಿನ ಮೀರಿ ಮುಟ್ಟಿದ. ಎರಡನೆಯ ಸಲ ಮುಗಿಸಲಾಗಲಿಲ್ಲ.

ಓದುಗರು ಗಮನಿಸಬೇಕಾದ ಒಂದು ಸಂಗತಿ ಇದೆ. ಈ ಬಂಡಿಗೆ ಲಗಾಮಿಲ್ಲ. ಬಲಕ್ಕೆ ಒಂದು ಕೂಗು, ಎಡಕ್ಕೆ ಇನ್ನೊಂದು ಕೂಗು. ಅದನ್ನು ಕೇಳುವುದೂ ಬಿಡುವುದೂ ಮುಂದಿನ ನಾಯಿಗೆ ಬಿಟ್ಟದ್ದು. ಬಿರುಗಾಳಿಯಲ್ಲಿ ದಾರಿ ಮುಚ್ಚಿಹೋದಾಗ ಮನುಷ್ಯನ ಕಣ್ಣಿಗಿಂತ ಅದರ ಮೂಗು, ಕಾಲುಗಳೇ ಗತಿ. ತಂಗುವಲ್ಲಿಗೆ ಬಂದಮೇಲೂ ಯಜಮಾನನಿಗೆ ವಿಶ್ರಾಂತಿಯಿಲ್ಲ. ಹಿಮ ಕರಗಿಸಿ ನೀರು ಕಾಯಿಸಬೇಕು, ನಾಯಿಗಳಿಗೆ ಉಣಿಸಬೇಕು, ಬೆರಳುಗಳ ಸಂದಿಯಲ್ಲಿ ಮಂಜು ಕಟ್ಟದಂತೆ ಒಂದೊಂದು ಕಾಲಿಗೂ ಬಟ್ಟೆಯ ಚೀಲ ತೊಡಿಸಬೇಕು. ಅವು ಬಾಲದಲ್ಲಿ ಮೂಗು ಮುಚ್ಚಿ ಮಲಗಿದ ಬಳಿಕ, ಸಮಯ ಉಳಿದರೆ, ಇವನ ನಿದ್ದೆ. ನಿದ್ದೆಗೆಟ್ಟವನಿಗೆ ಭ್ರಮೆಗಳು ಕಾಣುತ್ತವೆ. ಪಾಲ್ಸೆನ್ನನ ಬಂಡಿಯಲ್ಲಿ ಕೋಟು ತೊಟ್ಟವನೊಬ್ಬ ಕುಳಿತು ಸರ್ಕಾರದ ಶಿಕ್ಷಣಾನುದಾನದ ಬಗ್ಗೆ ಎಡೆಬಿಡದೆ ಕೊರೆದನಂತೆ. ಹಿಮದ ನಡುವೆಯೂ ಅನುದಾನದ ಚರ್ಚೆ ಬೆನ್ನು ಬಿಡಲಿಲ್ಲ ನೋಡಿ!

ಇಂಥ ವಸ್ತುವನ್ನು ಸಾಹಿತ್ಯಕ್ಕೆ ಎತ್ತಿಕೊಟ್ಟವರಲ್ಲಿ ಜಾಕ್ ಲಂಡನ್ ದೊಡ್ಡವನು. ‘ದಿ ಕಾಲ್ ಆಫ್ ದಿ ವೈಲ್ಡ್’ (1903) ಕಾದಂಬರಿಯಲ್ಲಿ ಡೇವ್ ಎಂಬ ನಾಯಿ ಬರುತ್ತದೆ. ಕಾಯಿಲೆಯಾದಾಗ ಅದನ್ನು ಬಿಚ್ಚಿ ಬಿಡುತ್ತಾರೆ. ಅದು ಒಪ್ಪದೆ, ತನ್ನ ಜಾಗದಲ್ಲಿ ನಿಂತ ನಾಯಿಯ ಪಟ್ಟಿಯನ್ನು ಕಡಿದು, ಮತ್ತೆ ಅಲ್ಲೇ ಬಂದು ನಿಲ್ಲುತ್ತದೆ. ಮರುದಿನ ಏಳಲಾರದಾದಾಗ ಗುಂಡಿಗೆ ಬಲಿ. ಎಷ್ಟು ಸಲ ಓದಿದರೂ ಗಂಟಲು ಕಟ್ಟುವ ಪ್ರಸಂಗ. ಆದರೂ ಡೇವ್ ನನಗೆ ನಾಯಿಗಿಂತ ಹೆಚ್ಚಾಗಿ, ಸಾಯುವವರೆಗೂ ಕೆಲಸ ಬಿಡಲೊಲ್ಲದ ಒಬ್ಬ ಅಭಿಮಾನಿ ಕೂಲಿಕಾರನಂತೆ ಕಾಣುತ್ತದೆ. ಲಂಡನ್ ತನ್ನ ಧರ್ಮವನ್ನು ನಾಯಿಗೆ ತೊಡಿಸಿದ್ದಾನೆ. ನಮಗೂ ಇದು ಹೊಸದಲ್ಲ. ಮಹಾಪ್ರಸ್ಥಾನದಲ್ಲಿ ಹಿಮಾಲಯದ ದಾರಿಯುದ್ದಕ್ಕೂ ಧರ್ಮರಾಯನ ಹಿಂದೆ ನಡೆದ ನಾಯಿಯಿದೆಯಲ್ಲ, ಅದೂ ಕೊನೆಗೆ ನಾಯಿಯಾಗಿ ಉಳಿಯಲಿಲ್ಲ, ಯಮಧರ್ಮನೇ ಆಯಿತು.

‘ವುಡ್‌ಸಾಂಗ್’ ಹಿರಿದಾಗುವುದು ಇಲ್ಲಿ. ಅದರಲ್ಲಿ ಒಂದು ಸಣ್ಣ ಘಟನೆ. ಸರಪಳಿಗೆ ಕಟ್ಟಿದ ಕೊಲಂಬಿಯ ಎಂಬ ನಾಯಿ ತನ್ನ ಎಲುಬನ್ನು ಪಕ್ಕದ ಓಲಾಫ್‌ಗೆ ಇನ್ನೇನು ಎಟುಕಬೇಕು ಎನ್ನುವಷ್ಟು ದೂರಕ್ಕೆ ಮೆಲ್ಲಗೆ ತಳ್ಳುತ್ತದೆ. ಓಲಾಫ್ ಸರಪಳಿ ಜಗ್ಗಿ ಜಗ್ಗಿ ಒದ್ದಾಡುತ್ತದೆ. ಕೊಲಂಬಿಯ ಕುಳಿತು ನೋಡುತ್ತದೆ. ಇಷ್ಟೆ. ತಮಾಷೆ ಮಾಡಬಲ್ಲ ಜೀವವನ್ನು ಇಷ್ಟು ದಿನ ತಾನು ಏನೆಂದು ತಿಳಿದಿದ್ದೆ ಎಂದು ಪಾಲ್ಸೆನ್ ತತ್ತರಿಸುತ್ತಾನೆ; ಬೋನಿಟ್ಟು ಪ್ರಾಣಿ ಹಿಡಿಯುವ ಕಸುಬನ್ನೇ ಬಿಡುತ್ತಾನೆ. ಇಲ್ಲಿ ನಾಯಿಗೆ ಮಾತನ್ನು ಕೊಟ್ಟಿಲ್ಲ, ಧರ್ಮವನ್ನು ಕೊಟ್ಟಿಲ್ಲ. ಅದರ ಮನಸ್ಸು ಇದೆ, ಅದು ನಮ್ಮದಲ್ಲ ಎಂಬಲ್ಲಿಗೆ ಲೇಖನಿ ನಿಲ್ಲುತ್ತದೆ.

‘ವಿಂಟರ್‌ಡ್ಯಾನ್ಸ್’ನಲ್ಲಿ ಇದೇ ಲೇಖಕ ಬೇರೆ ಹಾದಿ ಹಿಡಿಯುತ್ತಾನೆ. ಅಲ್ಲಿ ಆತ ಸದಾ ಪೆದ್ದ, ನಾಯಿಗಳು ಸದಾ ಜಾಣ. ಬಂಡಿಯಿಂದ ಬೀಳುತ್ತಾನೆ, ನೆಲದ ಮೇಲೆ ಎಳೆದಾಡಿಸಿಕೊಳ್ಳುತ್ತಾನೆ, ದುರ್ನಾತದ ಸ್ಕಂಕ್ ಪ್ರಾಣಿಗಳಿಂದ ಅಭಿಷೇಕ ಮಾಡಿಸಿಕೊಳ್ಳುತ್ತಾನೆ. ಮನುಷ್ಯನ ಜಂಭ ಇಳಿಸುವ ಈ ಹಾಸ್ಯ ಆರೋಗ್ಯಕರವೆಂದು ಹೊಗಳುವವರಿದ್ದಾರೆ. ನನ್ನ ಆಕ್ಷೇಪಣೆ ಬೇರೆ. ಪೆದ್ದನಾದವನ ತಲೆಯ ಮೇಲೆ ಹೊಣೆ ನಿಲ್ಲುವುದಿಲ್ಲ. ನಾಯಿಗಳೇ ತನ್ನನ್ನು ಎಳೆದುಕೊಂಡು ಹೋದವು ಎನ್ನುವಾಗ, ಅವುಗಳ ಕೊರಳಿಗೆ ಪಟ್ಟಿ ಬಿಗಿದವರು ಯಾರೆಂಬ ಪ್ರಶ್ನೆ ನಗುವಿನಲ್ಲಿ ಕರಗಿಹೋಗುತ್ತದೆ. ಈ ಪುಸ್ತಕದ ಎಳೆ ಹಿಡಿದು 2002ರಲ್ಲಿ ತೆಗೆದ ‘ಸ್ನೋ ಡಾಗ್ಸ್’ ಚಿತ್ರ ಆ ನಗುವನ್ನಷ್ಟೇ ಉಳಿಸಿಕೊಂಡದ್ದು ಆಶ್ಚರ್ಯವಲ್ಲ.

ಈ ಪ್ರಶ್ನೆ ಬರಿಯ ವಿಮರ್ಶಕನ ತಕರಾರಲ್ಲ. ದಾರಿಯುದ್ದಕ್ಕೂ ಪಶುವೈದ್ಯರಿರುತ್ತಾರೆ, ದಣಿದ ನಾಯಿಗಳನ್ನು ತಂಡದಿಂದ ಬಿಡಿಸಿ ವಿಮಾನದಲ್ಲಿ ಹಿಂದಕ್ಕೆ ಕಳಿಸುತ್ತಾರೆ. ಆದರೂ 2024ರ ಪಂದ್ಯದಲ್ಲಿ ಮೂರು ನಾಯಿಗಳು ಸತ್ತವು. ಓಡುವುದು ಅವುಗಳಿಗೇ ಇಷ್ಟ ಎನ್ನುತ್ತಾರೆ. ಪಟ್ಟಿ ಕಂಡೊಡನೆ ಅವು ಕುಣಿದು ಬೊಗಳುವುದು ನಿಜವೇ. ಲಗಾಮಿಲ್ಲದ ಕಾರಣ ತಂಡವೆಲ್ಲ ಮಲಗಿಬಿಟ್ಟರೆ ಯಾವ ಯಜಮಾನನೂ ಏನೂ ಮಾಡಲಾರ ಎಂಬುದೂ ನಿಜ. ಆದರೆ ಎಲ್ಲ ನಾಯಿಗಳೂ ಒಂದೇ ಹಗ್ಗಕ್ಕೆ ಕಟ್ಟಿದವು. ಹದಿನಾಲ್ಕು ಓಡಲೊಪ್ಪಿ ಒಂದು ಒಲ್ಲೆನೆಂದರೆ, ಆ ಒಂದರ ಇಷ್ಟವನ್ನು ಹಗ್ಗ ಕೇಳುವುದಿಲ್ಲ. ಅದನ್ನು ಕಾಣಬೇಕಾದವನು ಹಿಂದೆ ನಿಂತವನೊಬ್ಬನೇ. ನಿದ್ದೆಯಿಲ್ಲದ, ಗೆಲ್ಲುವ ಆಸೆಯಿರುವ ಮನುಷ್ಯ. ‘ವುಡ್‌ಸಾಂಗ್’ ಬರೆದ ಪಾಲ್ಸೆನ್‌ಗೆ ಇದು ಗೊತ್ತಿತ್ತೆಂದೇ ನನಗೆ ತೋರುತ್ತದೆ.

ಪಾಲ್ಸೆನ್ 2021ರಲ್ಲಿ ತೀರಿಕೊಂಡ. ಯಾರಾದರೂ ಆತನ ಒಂದು ಪುಸ್ತಕವನ್ನು ಕನ್ನಡಕ್ಕೆ ತರುವುದಾದರೆ ‘ವುಡ್‌ಸಾಂಗ್’ ತರಲಿ. ಹೈಸ್ಕೂಲು ಮಕ್ಕಳೂ ಓದಬಲ್ಲಷ್ಟು ಸರಳವಾಗಿದೆ, ಚಿಕ್ಕದು. ತೋಳಗಳು ಹೆಣ್ಣು ಜಿಂಕೆಯೊಂದನ್ನು ಕೊಲ್ಲುವ ಆರಂಭದ ಪುಟಗಳು ಮಾತ್ರ ಬಹಳ ಕ್ರೂರ. ಮಕ್ಕಳಿಗೆಂದು ಆ ಭಾಗವನ್ನು ಅನುವಾದಕರು ತೆಗೆದುಹಾಕಬಾರದು.