ಡ್ರೇಕ್ ಅವರ ದಾರ

ಮಿದುಳಿನ ದೈತ್ಯ ಅನ್ಯೂರಿಸಂ, ಅಂದರೆ ರಕ್ತನಾಳದ ಗೋಡೆಯ ದೊಡ್ಡ ಉಬ್ಬು, ಎಂದೊಡನೆ ಎಲ್ಲರೂ ಎತ್ತುವುದು ಒಂದೇ ಕಥೆ. 1991ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ನರಶಸ್ತ್ರವೈದ್ಯ ರಾಬರ್ಟ್ ಸ್ಪೆಟ್ಜ್ಲರ್ ಅವರು ಗಾಯಕಿಯೊಬ್ಬರ ಮೈಯನ್ನು ಸುಮಾರು 15 ಡಿಗ್ರಿಗೆ ತಣಿಸಿ, ಹೃದಯ ನಿಲ್ಲಿಸಿ, ಮಿದುಳುಕಾಂಡದ ಮುಂದೆ ಸಾಗುವ ಬೆಸಿಲರ್ ಅಪಧಮನಿಯ ಉಬ್ಬನ್ನು ಸರಿಪಡಿಸಿದರು. ಆಕೆ ಬದುಕಿ ಬಂದು ಸಾವಿನಂಚಿನ ಅನುಭವ ಹೇಳಿಕೊಂಡ ಮೇಲಂತೂ ಆ ಶಸ್ತ್ರಕ್ರಿಯೆ ಪುರಾಣವೇ ಆಯಿತು. ಈ ಕೀರ್ತಿ ಅಳತೆ ಮೀರಿದ್ದು. ಅದರಲ್ಲಿ ದೊಡ್ಡ ಪಾಲು ಸಲ್ಲಬೇಕಾದದ್ದು ಕೆನಡಾದ ಲಂಡನ್ ನಗರದ ನರಶಸ್ತ್ರವೈದ್ಯ ಚಾರ್ಲ್ಸ್ ಡ್ರೇಕ್ ಅವರಿಗೆ, ಅವರು ಬಳಸಿದ ಒಂದೆಳೆ ದಾರಕ್ಕೆ.

25 ಮಿ.ಮೀ. ಮುಟ್ಟಿದ ಉಬ್ಬು ದೈತ್ಯ. ಬೆಸಿಲರ್ ತುದಿಯಲ್ಲಿ ಅದು ಬೆಳೆದಾಗ ಕತ್ತು ಅಗಲ, ಗೋಡೆ ದಪ್ಪ, ಒಳಗೆ ಹೆಪ್ಪು, ಕತ್ತನ್ನು ಹಿಸುಕಿ ಮುಚ್ಚುವ ಕ್ಲಿಪ್ ಜಾರುತ್ತದೆ. ಬೆನ್ನಿಗಂಟಿದ ಕೂದಲೆಳೆಯಂಥ ನಾಳಗಳಲ್ಲಿ ಒಂದು ಸಿಕ್ಕಿಬಿದ್ದರೂ ರೋಗಿ ಮತ್ತೆ ಕಣ್ಣು ತೆರೆಯದಿರಬಹುದು. ಡ್ರೇಕ್ ಇಂಥ ಕಡೆ ಉಬ್ಬನ್ನು ಬಿಟ್ಟು, ಅದಕ್ಕೆ ರಕ್ತ ಒಯ್ಯುವ ನಾಳಕ್ಕೆ ಕೈ ಹಾಕಿದರು; ಹರಿವು ತಗ್ಗಿದರೆ ಉಬ್ಬು ತಾನೇ ಹೆಪ್ಪುಗಟ್ಟುತ್ತದೆ ಎಂಬ ನಂಬಿಕೆ. 1785ರಲ್ಲಿ ಜಾನ್ ಹಂಟರ್ ಮೊಣಕಾಲ ಹಿಂದಿನ ಉಬ್ಬಿಗೆ ಮಾಡಿದ್ದೂ ಅದನ್ನೇ. ಹೊಸತನ ಇದ್ದದ್ದು ಕಟ್ಟುವ ಬಗೆಯಲ್ಲಿ. ನಾಳಕ್ಕೆ ದಾರ ಸುತ್ತಿ, ತುದಿಗಳನ್ನು ಸಪೂರ ಪ್ಲಾಸ್ಟಿಕ್ ನಳಿಕೆಯಲ್ಲಿ ಪೋಣಿಸಿ, ಚರ್ಮದ ಹೊರಗೆ ತಂದು, ಬಿಗಿಯದೆಯೇ ಗಾಯ ಹೊಲಿಯುವುದು. ಅರಿವಳಿಕೆ ಇಳಿದು ರೋಗಿ ಪೂರ್ತಿ ಎಚ್ಚರವಾದ ಮೇಲೆ ದಾರ ಎಳೆಯುವುದು. ಮಾತು ತೊದಲಿತೋ, ಕೈ ಸೋತಿತೋ, ತಕ್ಷಣ ಸಡಿಲಿಸುವುದು. ನಾಳ ಮುಚ್ಚಿದರೆ ತಾಳಬಲ್ಲೆನೇ ಎಂಬುದಕ್ಕೆ ಆ ಮಿದುಳೇ ಉತ್ತರ ಕೊಡುತ್ತಿತ್ತು. ತಾಳದಿದ್ದರೆ ಹಿಂದಕ್ಕೆ ಬರಲು ದಾರಿಯಿತ್ತು. ಹೃದಯ ನಿಲ್ಲಿಸಿದ ಮೇಜಿನ ಮೇಲೆ ಆ ಉತ್ತರ ಸಿಗುವುದು ಮೈ ಮತ್ತೆ ಬಿಸಿಯಾದ ಮೇಲೆ, ಎಲ್ಲ ಮುಗಿದ ಮೇಲೆ.

ದಾರವೂ ಜೀವ ತೆಗೆದದ್ದುಂಟು: ಹೆಪ್ಪು ಸಣ್ಣ ನಾಳಗಳಿಗೂ ಹಬ್ಬುತ್ತಿತ್ತು. ಹೃದಯ ನಿಲ್ಲಿಸಿದರೆ ಬಿರುಸಾದ ಉಬ್ಬು ಮೆತ್ತಗಾಗುತ್ತದೆ ಎಂಬುದೂ ನಿಜ. ಆದರೆ ಯಾರಿಗೆ ದಾರ ಹೊಂದುತ್ತದೆ ಎಂದು ಮೊದಲೇ ಹೇಳುವ ವಿದ್ಯೆಯನ್ನು ಕಟ್ಟಿಕೊಟ್ಟವರು ಡ್ರೇಕ್ ಬಳಗದವರು. ಸ್ಟೈನ್‌ಬರ್ಗ್, ಪಿಯರ್ಲೆಸ್ ಎಂಬ ಸಹೋದ್ಯೋಗಿಗಳ ಜೊತೆ ಡ್ರೇಕ್ 1993ರಲ್ಲಿ ಹೀಗೆ ನಾಳ ಮುಚ್ಚಿದ 201 ರೋಗಿಗಳ ಲೆಕ್ಕ ಒಪ್ಪಿಸಿದಾಗ, ಹಿಂದುಮುಂದಿನ ನಾಳಗಳನ್ನು ಬೆಸೆಯುವ ಕೊಂಡಿನಾಳಗಳ ಗಾತ್ರವೇ ನಿರ್ಣಾಯಕ ಎಂದು ತೋರಿಸಿದರು.

ತಲೆ ತೆರೆದು ಹಾಕುವ ಕ್ಲಿಪ್ಪನ್ನು ನಾಳದೊಳಗಿನಿಂದ ಉಬ್ಬು ತುಂಬುವ ಕಾಯಿಲ್ (ತಂತಿಸುರುಳಿ) ಜೊತೆ ಹೋಲಿಸಿದ 2002ರ ಐಸ್ಯಾಟ್ ಅಧ್ಯಯನದ ನಂತರ ಕತ್ತಿಯ ಕಾಲ ಮುಗಿಯಿತು ಎಂದು ಬರೆಯುವ ವಿಮರ್ಶಕರ ಜೊತೆ ನನ್ನ ಜಗಳ ಇನ್ನೂ ದೊಡ್ಡದು. ಒಡೆದ ಅನ್ಯೂರಿಸಂನ 2143 ರೋಗಿಗಳಲ್ಲಿ ಕಾಯಿಲ್ ಹಾಕಿಸಿಕೊಂಡವರು ಒಂದು ವರ್ಷದ ಹೊತ್ತಿಗೆ ಕ್ಲಿಪ್ ಹಾಕಿಸಿಕೊಂಡವರಿಗಿಂತ ಉತ್ತಮವಾಗಿದ್ದರು, ಒಪ್ಪಿದೆ. ಆದರೆ ಅವರ ಉಬ್ಬುಗಳು ಬಹುಪಾಲು ಚಿಕ್ಕವು, ಮಿದುಳಿನ ಮುಂಭಾಗದವು. ಆ ಅಂಕಿಗಳನ್ನು ಬೆಸಿಲರ್ ದೈತ್ಯನ ಮೇಲೆ ಹೇರುವುದು ಬೇಜವಾಬ್ದಾರಿ. ಅಷ್ಟೇ ಅಲ್ಲ, 2011ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ, ಹರಿವನ್ನು ತಿರುಗಿಸುವ ಸ್ಟೆಂಟ್ ಎಂಬ ಜಾಲರಿ ಕೊಳವೆ ಕೂಡ ಉಬ್ಬಿನೊಳಗಿನ ರಕ್ತದ ವೇಗ ಕುಗ್ಗಿಸಿ ಹೆಪ್ಪುಗಟ್ಟಿಸುತ್ತದೆ. ಡ್ರೇಕ್ ನೆಚ್ಚಿದ್ದೂ ಇದೇ ನಂಬಿಕೆಯನ್ನು. ಈ ಶಾಸ್ತ್ರವನ್ನು ಕಲಿಸುವವರು ಫೀನಿಕ್ಸ್‌ನ ಪವಾಡಕ್ಕೆ ಮೊದಲು ಆ 201 ರೋಗಿಗಳ ಲೆಕ್ಕ ಓದಿಸಲಿ.