ಮುಗಿದ ಮೇಲೆ ಕೇಳುವ ಪ್ರಶ್ನೆ

ಕಂಪ್ಲಿ ಬಳಿಯ ಮೆಟ್ರಿಯವರಿಗೆ ಹಂಪಿ ದೂರದ ಊರಲ್ಲ. 2023ರ ಜುಲೈನಲ್ಲಿ ಜಿ-20 ದೇಶಗಳ ಶೆರ್ಪಾಗಳು, ಅಂದರೆ ನಾಯಕರ ಪ್ರತಿನಿಧಿಗಳು, ಅಲ್ಲಿ ಕೂತು ದೆಹಲಿ ಘೋಷಣೆಯ ಕರಡು ಚರ್ಚಿಸಿದರು. ಅದೇ ದಿನಗಳಲ್ಲಿ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಕಸೂತಿ ಎಲ್ಲರಿಗೂ ಕಂಡಿತು, ಕರಡು ಯಾರಿಗೂ ಕಾಣಲಿಲ್ಲ. ಸೆಪ್ಟೆಂಬರಿನಲ್ಲಿ ಅದು ಘೋಷಣೆಯಾದಾಗ ಸಂಸತ್ತಿನ ಒಪ್ಪಿಗೆ ಬೇಕಿರಲಿಲ್ಲ. ವಿದೇಶಿ ಒಪ್ಪಂದಕ್ಕೂ ಬೇಡ. ಅದನ್ನು ಜಾರಿಗೆ ತರಲು ಹೊಸ ಕಾನೂನು ಬೇಕಾದಾಗಷ್ಟೇ ಸಂವಿಧಾನದ 253ನೇ ವಿಧಿ ಹಿಡಿದು ಸದನಕ್ಕೆ ಬರಬೇಕು.

ಹಾಗಾದರೆ ನಾವು ಆರಿಸಿ ಕಳಿಸಿದವರ ಕೆಲಸ ಏನು? ಬಳ್ಳಾರಿಯವರಿಗೆ ಈ ಪ್ರಶ್ನೆ ಕೇಳುವ ಹಕ್ಕು ಹೆಚ್ಚೇ ಇದೆ. 1999ರ ಲೋಕಸಭಾ ಚುನಾವಣೆಯಲ್ಲಿ ಇಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರುಬದುರಾದದ್ದು ಕಾರ್ಗಿಲ್ ಯುದ್ಧದ ಬೆನ್ನಿಗೇ. ಆ ಯುದ್ಧದ ಹೊತ್ತಿಗೆ ಲೋಕಸಭೆ ವಿಸರ್ಜನೆಯಾಗಿತ್ತು. ರಾಜ್ಯಸಭೆಯನ್ನಾದರೂ ಕರೆಯಿರಿ ಎಂದು ವಿರೋಧ ಪಕ್ಷಗಳು ಕೇಳಿದರೂ ವಾಜಪೇಯಿ ಸರ್ಕಾರ ಕರೆಯಲಿಲ್ಲ. 1962ರಲ್ಲಿ ಚೀನಾ ಯುದ್ಧ ನಡೆಯುತ್ತಿರುವಾಗಲೇ ಅಧಿವೇಶನ ಬೇಕೆಂದು ಹಟ ಹಿಡಿದಿದ್ದವರೂ ಇದೇ ವಾಜಪೇಯಿ. ನೆಹರೂ ನವೆಂಬರ್ 8ರಂದು ಸದನ ಸೇರಿಸಿದರು, ದಿನಗಟ್ಟಲೆ ಮಾತು ಕೇಳಿಸಿಕೊಂಡರು. ಸೋಲುತ್ತಿದ್ದ ಸರ್ಕಾರ ತೋರಿದ ಆ ಧೈರ್ಯ 1999ರಲ್ಲಿ ಕಾಣದೇ ಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಸೋನಿಯಾ 56,100 ಮತಗಳಿಂದ ಗೆದ್ದರು, ಆಮೇಲೆ ಅಮೇಠಿ ಉಳಿಸಿಕೊಂಡು ಬಳ್ಳಾರಿ ಬಿಟ್ಟರು. ಪ್ರಚಾರಕ್ಕೆಂದು ಕನ್ನಡ ಕಲಿತ ಸುಷ್ಮಾ 2014ರಲ್ಲಿ ವಿದೇಶಾಂಗ ಸಚಿವೆಯಾದರು. ಅದೇ ವರ್ಷ ಇರಾಕಿನ ಮೋಸುಲ್‌ನಲ್ಲಿ ನಮ್ಮ ಕೂಲಿಕಾರರು ಅಪಹರಣಕ್ಕೊಳಗಾದರು. ಉಳಿದವರನ್ನು ಕೊಂದರೆಂದು ತಪ್ಪಿಸಿಕೊಂಡು ಬಂದ ಒಬ್ಬ ಹೇಳಿದ. ಸದನದಲ್ಲಿ ಮತ್ತೆ ಮತ್ತೆ ಪ್ರಶ್ನೆ ಬಂತು. ಪುರಾವೆ ಇಲ್ಲದೆ ಸತ್ತರೆನ್ನಲಾರೆ ಎಂದು ಸಚಿವೆ ಉತ್ತರಿಸುತ್ತ ಬಂದರು. 2018ರ ಮಾರ್ಚ್ 20ರಂದು ರಾಜ್ಯಸಭೆಯಲ್ಲಿ 39 ಜನರ ಸಾವನ್ನು ತಿಳಿಸಿದರು. ಹಲವು ಮನೆಯವರಿಗೆ ಅದು ಗೊತ್ತಾದದ್ದು ಟಿವಿಯಿಂದ. ಸುಷ್ಮಾ ಪ್ರಶ್ನೆಗೆ ಬೆನ್ನು ಹಾಕಿದವರಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಸಿಕ್ಕ ಉತ್ತರವನ್ನು ಪೂರ್ತಿಯಾಗಿ ಒರೆಗೆ ಹಚ್ಚುವ ದಾರಿ ಪ್ರಶ್ನೋತ್ತರ ಅವಧಿಯಲ್ಲಿಲ್ಲ.

ಆ ದಾರಿ ಇರುವುದು 1993ರಲ್ಲಿ ಶುರುವಾದ ಸಂಸತ್ತಿನ ಸ್ಥಾಯಿ ಸಮಿತಿಯ ಕೋಣೆಯಲ್ಲಿ. ಪಕ್ಷಭೇದ ಮರೆತು ಅಧಿಕಾರಿಗಳನ್ನು ಎದುರಿಗೆ ಕೂರಿಸಿ ಕೇಳಬಹುದಾದ ಜಾಗ ಅದು. ಡೋಕ್ಲಾಂ ಗಡಿ ಬಿಕ್ಕಟ್ಟನ್ನೂ ಒಳಗೊಂಡು ಚೀನಾ ಸಂಬಂಧದ ಬಗ್ಗೆ 2018ರಲ್ಲಿ ಶಶಿ ತರೂರ್ ನೇತೃತ್ವದ ಸಮಿತಿ ಕೊಟ್ಟ ವರದಿ ಅದಕ್ಕೆ ಸಾಕ್ಷಿ. ಆದರೆ ಸಮಿತಿ ಕೂರುವುದು ಮುಚ್ಚಿದ ಬಾಗಿಲ ಹಿಂದೆ, ಅದರ ಶಿಫಾರಸಿಗೆ ಸರ್ಕಾರ ಕಟ್ಟುಬೀಳಬೇಕಿಲ್ಲ. ಕಂಪ್ಲಿ, ಸಂಡೂರು, ಹೊಸಪೇಟೆಗೆ ಮತ ಕೇಳಲು ಬರುವವರನ್ನು ನಾವು ರಸ್ತೆ, ಕಾಲುವೆ ನೀರಿನ ಬಗ್ಗೆ ಕೇಳುತ್ತೇವೆ. ಇಂಥ ಒಂದು ವರದಿಯನ್ನಾದರೂ ಸದನದಲ್ಲಿ ಚರ್ಚೆಗೆ ತರುತ್ತೀರಾ ಎಂದೂ ಕೇಳಬೇಕು.