ಬೆನ್ನು ತೋರಿಸು

ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ಕೊಳ್ಳುವಾಗ ಏನೇನು ನೋಡಬೇಕು ಅಂತ ಈ ವಾರ ಬರೆಯುವುದಾಗಿ ಹೇಳಿದ್ದೆ. ನಾಲ್ಕೈದು ಜನ ಆಗಲೇ ದುಡ್ಡು ಎತ್ತಿಟ್ಟುಕೊಂಡು ಕೂತಿದ್ದಾರಂತೆ. ಇನ್ನೊಂದು ವಾರ ಕೂತಿರಲಿ, ಮೆಷಿನ್ ಎಲ್ಲಿಗೂ ಓಡಿಹೋಗುವುದಿಲ್ಲ. ಆದದ್ದು ಇಷ್ಟು: ಬುಧವಾರ ರಾತ್ರಿ, ಗಡುವಿಗೆ ಒಂದೇ ದಿನ ಉಳಿದಿದ್ದಾಗ, ನಮ್ಮ ಹಿಂದಿನ ರಸ್ತೆಯ ಹುಡುಗ ಬಂದು ಮೇಜಿನ ಮೇಲೆ ಒಂದು ಕಬ್ಬಿಣದ ಪಟ್ಟಿ ಇಟ್ಟ. ಎರಡು ಬೆರಳಗಲದ ಪಟ್ಟಿ, ಲಾಳದ ಹಾಗೆ ಬಗ್ಗಿತ್ತು. ಬಗ್ಗಿದ ಜಾಗದ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು.

‘ಸರ್, ಇದು ಪಾಸಾ, ಫೇಲಾ?’

ಹುಡುಗನ ಕಥೆ ಚಿಕ್ಕದು. ಐಟಿಐ ವೆಲ್ಡರ್ ಟ್ರೇಡ್ ಮುಗಿಸಿದ್ದಾನೆ. ಒಂದು ವರ್ಷದ ಕೋರ್ಸು. ಸೇರಲು ಎಂಟನೇ ಕ್ಲಾಸು ಪಾಸಾಗಿದ್ದರೆ ಸಾಕು, ಇವನು ಎಸ್ಸೆಸ್ಸೆಲ್ಸಿ ಮುಗಿಸಿಯೇ ಸೇರಿದ್ದ. ಅಖಿಲ ಭಾರತ ಟ್ರೇಡ್ ಟೆಸ್ಟ್ ಪಾಸಾಗಿ ಬಂದ ಸರ್ಟಿಫಿಕೇಟಿಗೆ ಅವರಮ್ಮ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ಮೊಳೆ ಹೊಡೆದಿದ್ದಾರೆ. ಈಗ ಪೀಣ್ಯದ ಒಂದು ಶೆಡ್ಡಿನಲ್ಲಿ ಹಗಲು ಗೇಟು-ಗ್ರಿಲ್ಲು, ಸಂಜೆ ಸಿಕ್ಸ್-ಜಿ ಅಭ್ಯಾಸ. ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದು, ಅದನ್ನು ತಿರುಗಿಸದೆ ತಾನೇ ಸುತ್ತ ಬಗ್ಗಿ, ಮಂಡಿಯೂರಿ, ಕತ್ತು ತಿರುಚಿ ಬೆಸೆಯುವ ಆ ಪರೀಕ್ಷೆಯ ಬಗ್ಗೆ ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಅದೊಂದು ದಾಟಿದರೆ ಮಿಕ್ಕ ಭಂಗಿಗಳಿಗೆಲ್ಲ ಬೇರೆ ಪರೀಕ್ಷೆ ಬೇಡ. ಮಂಗಳೂರಿನ ರಿಫೈನರಿ, ರಾಯಚೂರಿನ ಬಾಯ್ಲರು, ಗಲ್ಫು, ಎಲ್ಲದರ ಬಾಗಿಲೂ ಅಲ್ಲಿಂದಲೇ.

ಎರಡು ಸರ್ಟಿಫಿಕೇಟುಗಳ ಸ್ವಭಾವ ನೋಡಿ. ಗೋಡೆಯ ಮೇಲಿನದು ಜೀವನಪರ್ಯಂತ. ನಾಳೆಯಿಂದ ಇವನು ಎಳನೀರು ಮಾರಿದರೂ ಅದು ಇವನನ್ನು ವೆಲ್ಡರ್ ಎಂದೇ ಕರೆಯುತ್ತದೆ. ಸಿಕ್ಸ್-ಜಿಯದು ಹಾಗಲ್ಲ. ಯಾವ ವಿಧಾನದಲ್ಲಿ ಪಾಸಾದನೋ ಆ ವಿಧಾನದಲ್ಲಿ ಆರು ತಿಂಗಳು ಕೈಯಾಡಿಸದಿದ್ದರೆ ಬಿದ್ದುಹೋಗುತ್ತದೆ. ಸಂಗೀತಗಾರರಿಗೆ, ಡಾಕ್ಟರುಗಳಿಗೆ, ಅಂಕಣಕಾರರಿಗೆ ಇಂಥದೊಂದು ನಿಯಮ ಇದ್ದಿದ್ದರೆ ಅಂತ ಆಗಾಗ ಅನ್ನಿಸಿದ್ದಿದೆ.

ನಾನು ಹೋಲ್ಡರ್ ಹಿಡಿದದ್ದು ನಲವತ್ತಮೂರನೇ ವಯಸ್ಸಿನಲ್ಲಿ. ಕಲಿಸಿದ ಮೇಸ್ತ್ರಿ ತಿರುಚ್ಚಿಯ ಬಾಯ್ಲರ್ ಕೆಲಸದಲ್ಲಿ ಪಳಗಿ ಬಂದವರು. ಮೊದಲ ತಿಂಗಳೆಲ್ಲ ರಾಡು ಅಂಟಿಕೊಳ್ಳುವುದು, ಕಿತ್ತುಕೊಳ್ಳುವುದು, ಮತ್ತೆ ಅಂಟಿಕೊಳ್ಳುವುದು. ಒಂದು ಸಂಜೆ ಗಾಜು ಇಳಿಸುವ ಮೊದಲೇ ಆರ್ಕ್ ಹೊಡೆಸಿಕೊಂಡೆ. ಮನೆಗೆ ಬಂದು ಉಂಡು ಮಲಗುವವರೆಗೆ ಏನೂ ಇಲ್ಲ, ನಡುರಾತ್ರಿ ಎದ್ದರೆ ಕಣ್ಣಿನೊಳಗೆ ಯಾರೋ ಬೊಗಸೆ ಮರಳು ಸುರಿದ ಹಾಗೆ. ಹೆಂಡತಿ ಆಲೂಗಡ್ಡೆ ಬಿಲ್ಲೆ ಇಟ್ಟು ಬೆಳಗಿನವರೆಗೂ ಬೈದಳು. ಎರಡನೇ ತಿಂಗಳ ಕೊನೆಗೆ ನನ್ನ ರನ್ನು ಸಾಲಾಗಿ, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂರತೊಡಗಿತು. ಸ್ಲ್ಯಾಗ್ ಕುಟ್ಟಿ, ಬ್ರಶ್ಶು ಹಾಕಿ, ಫಳಫಳ ಹೊಳೆಯುವ ಪ್ಲೇಟನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಮೇಸ್ತ್ರಿಗೆ ತೋರಿಸಿದೆ. ಅವರು ಕಣ್ಣು ಹಾಯಿಸಲೂ ಇಲ್ಲ.

‘ಮುಖ ಬೇಡ. ಬೆನ್ನು ತೋರಿಸು.’

ಕನ್ನಡದಲ್ಲಿ ಬೆನ್ನು ತೋರಿಸುವವನು ಹೇಡಿ. ಅವರ ಶೆಡ್ಡಿನಲ್ಲಿ ಬೆನ್ನು ತೋರಿಸಲಾರದವನು ಹೇಡಿ. ಪ್ಲೇಟು ತಿರುಗಿಸಿದೆ. ಎರಡು ಅಂಚುಗಳ ನಡುವಿನ ಸಂದು ಮುಕ್ಕಾಲು ಪಾಲು ಹಾಗೇ ಇತ್ತು. ಬೆಂಕಿ ಅಲ್ಲಿಯವರೆಗೆ ಹೋಗಿಯೇ ಇರಲಿಲ್ಲ. ಮೇಲೆ ಕಾಣುತ್ತಿದ್ದುದು ಒಡೆದ ಗೋಡೆಗೆ ಬಳಿದ ಸುಣ್ಣ.

ಇಲ್ಲಿಗೆ ಬಂದ ಮೇಲೆ ಹಳೆಯ ಜಗಳ ತೆಗೆಯದೆ ಇರಲಾರೆ. ‘ಮೊದಲು ಸಿಓಟು ಕಲಿಸಿ, ರಾಡು ಆಮೇಲೆ’ ಎನ್ನುವ ಪಂಥ ಒಂದಿದೆ. ಗುಂಡಿ ಒತ್ತಿದರೆ ತಂತಿ ತಾನೇ ಬರುತ್ತದೆ, ಹುಡುಗರಿಗೆ ಉತ್ಸಾಹ ಬರುತ್ತದೆ, ವಾರದಲ್ಲಿ ಚಂದದ ರನ್ನು ಬರುತ್ತದೆ ಎಂದು ಅವರ ವಾದ. ಬರುತ್ತದೆ, ಇಲ್ಲ ಅನ್ನುವುದಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಬಳ್ಳಿ ಹೆಣೆದಂಥ ರನ್ನುಗಳ ಫೋಟೋ ನೋಡಿ ನಾನೂ ಬೆರಗಾಗಿದ್ದೇನೆ. ಒಂದರಲ್ಲಾದರೂ ಬೆನ್ನಿನ ಫೋಟೋ ಇದೆಯೇ? ಕಡಿಮೆ ವೋಲ್ಟೇಜಿನಲ್ಲಿ ತಂತಿ ತಟತಟ ತಾಗಿ ಕರಗುವ ಆ ವಿಧಾನದಲ್ಲಿ ಲೋಹ ಕೆಳಗಿನ ಪ್ಲೇಟನ್ನು ಕರಗಿಸದೆ ಮೇಲೆ ಸುಮ್ಮನೆ ಮಲಗಿಬಿಡಬಹುದು. ತವಾ ಕಾಯುವ ಮೊದಲೇ ಹುಯ್ದ ದೋಸೆ. ಮೇಲೆ ನೋಡಿದರೆ ದೋಸೆಯೇ.

ಇದು ನನ್ನೊಬ್ಬನ ಹಠವಲ್ಲ, ಸೆಕ್ಷನ್ ನೈನ್ ನನ್ನ ಕಡೆಗಿದೆ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಬಾಯ್ಲರ್ ಕೋಡಿನ ಒಂಬತ್ತನೇ ಭಾಗ. ಜನ ಮಲಗುವ ಮುಂಚೆ ಕಗ್ಗ ಓದುತ್ತಾರೆ, ನಾನು ಇದನ್ನು ಓದುತ್ತೇನೆ. ವೆಲ್ಡರನ ಪರೀಕ್ಷೆಯಲ್ಲಿ ಕೂಪನ್, ಅಂದರೆ ಬೆಸೆದ ಮಾದರಿ ತುಂಡು, ಕತ್ತರಿಸಿ ಬಗ್ಗಿಸುವುದರ ಬದಲು ಎಕ್ಸ್-ರೇ ತೆಗೆದರೂ ಸಾಮಾನ್ಯವಾಗಿ ನಡೆಯುತ್ತದೆ ಎಂದು ಅದು ಉದಾರವಾಗಿ ಒಪ್ಪುತ್ತದೆ. ಒಪ್ಪಿ, ಈ ತಟತಟ ಸಿಓಟುವಿನ ಹತ್ತಿರ ಬಂದಾಗ ಮಾತ್ರ ಬಾಗಿಲು ಹಾಕುತ್ತದೆ: ಇದಕ್ಕೆ ಎಕ್ಸ್-ರೇ ನಡೆಯದು, ಬಗ್ಗಿಸಿಯೇ ನೋಡಬೇಕು. ಕಾರಣ ಸರಳ. ಗಾಳಿಗುಳ್ಳೆ, ಸ್ಲ್ಯಾಗಿನ ತುಣುಕು ಫಿಲ್ಮಿನಲ್ಲಿ ಮಚ್ಚೆಯ ಹಾಗೆ ಕಾಣುತ್ತವೆ. ಬೆಸೆಯದೆ ಬರೀ ತಾಗಿಕೊಂಡ ಎರಡು ಮೈಗಳ ನಡುವಿನ ಕಾಗದದಷ್ಟು ತೆಳು ಬಿರುಕು ಅಡ್ಡ ಮಲಗಿದ್ದರೆ ಕಾಣುವುದಿಲ್ಲ. ಬಗ್ಗಿಸಿದಾಗ ಬಾಯಿಬಿಡುತ್ತದೆ. ಈ ಒಂದು ವಾಕ್ಯವನ್ನು ಸಿಓಟು ಪಂಥದವರು ಚೌಕಟ್ಟು ಹಾಕಿಸಿ ಶೆಡ್ಡಿನಲ್ಲಿ ತೂಗುಹಾಕಿದ ದಿನ ನಾನು ಜಗಳ ನಿಲ್ಲಿಸುತ್ತೇನೆ.

(ರಾಡಿನವರೆಲ್ಲ ಸಾಚಾ ಎಂದಲ್ಲ. 7018 ರಾಡಿಗೆ ತೇವ ತಾಗಬಾರದು, ತಾಗಿದರೆ ಹೈಡ್ರೋಜನ್ ಒಳಗೆ ಸೇರಿ ಬೆಸುಗೆ ಆಮೇಲೆ ಬಿರಿಯುತ್ತದೆ, ಅದಕ್ಕೇ ಬಿಸಿ ಒವನ್ನಿನಲ್ಲಿ ಇಡಬೇಕು ಎಂದು ಎಲ್ಲರಿಗೂ ಬಾಯಿಪಾಠ. ನಾನು ನೋಡಿದ ಒಂದು ಕಡೆ ಆ ಒವನ್ನಿನಲ್ಲಿ ರಾಡಿನ ಪಕ್ಕ ಚಪಾತಿ ಡಬ್ಬಿ ಬೆಚ್ಚಗೆ ಕೂತಿತ್ತು. ಮುಚ್ಚಳ ತೆಗೆದರೆ ಹಬೆ.)

ನನ್ನದೂ ಒಂದು ಫೇಲಿದೆ, ಹೇಳಿಬಿಡುತ್ತೇನೆ. ಥ್ರೀ-ಜಿ ಪ್ಲೇಟು, ಅಂದರೆ ನೆಟ್ಟಗೆ ನಿಲ್ಲಿಸಿದ್ದು. ಮುಖದ ಪಟ್ಟಿಗಳು ಚೆನ್ನಾಗಿ ಬಗ್ಗಿದವು. ಬೆನ್ನಿನ ಪಟ್ಟಿಯನ್ನು ಅಚ್ಚಿಗೆ ಇಟ್ಟು ಪ್ರೆಸ್ ಇಳಿಸಿದಾಗ ಮೊದಲು ‘ಟಿಕ್’ ಎಂದು ಸದ್ದಾಯಿತು, ಆಮೇಲೆ ಬೆಸುಗೆ ಮೀನಿನ ಬಾಯಿಯಂತೆ ತೆರೆದುಕೊಂಡಿತು. ಇನ್‌ಸ್ಪೆಕ್ಟರ್ ಏನೂ ಹೇಳಲಿಲ್ಲ, ಪಟ್ಟಿಯನ್ನು ನನ್ನ ಕೈಗೆ ಕೊಟ್ಟು ಟೀ ಕುಡಿಯಲು ಹೋದರು. ಹದಿನಾರು ವರ್ಷದಿಂದ ಈ ಅಂಕಣದ ಹಾಳೆಗಳು ಹಾರದಂತೆ ಹಿಡಿದಿರುವುದು ಅದೇ ಪಟ್ಟಿ.

ಒಂದು ಮಾತು. ಬೆಸುಗೆ ಎಷ್ಟು ಚಂದದ ಪದ! 1976ರಲ್ಲಿ ಗೀತಪ್ರಿಯ ಆ ಹೆಸರಿನಲ್ಲಿ ಸಿನಿಮಾ ಮಾಡಿದರು, ಪದ ಮನೆಮಾತಾಯಿತು. ಆದರೆ ಶೆಡ್ಡಿನಲ್ಲಿ ಯಾರೂ ಬೆಸೆಯುವುದಿಲ್ಲ; ಅಲ್ಲಿ ವೆಲ್ಡಿಂಗ್ ‘ಹೊಡೆಯುತ್ತಾರೆ’, ಟ್ಯಾಕ್ ‘ಹಾಕುತ್ತಾರೆ’, ರೂಟ್ ‘ಎಳೆಯುತ್ತಾರೆ’. ಟಿಗ್ ಎಂದರೆ ಯಾರಿಗೂ ಗೊತ್ತಾಗದು, ‘ಆರ್ಗನ್’ ಎನ್ನಬೇಕು. ನನಗೆ ಎರಡೂ ಬೇಕು. ಬೆಸುಗೆ ಬರೆಯುವಾಗ, ಹೊಡೆಯುವುದು ಕೆಲಸದಲ್ಲಿ.

ಸೆಕ್ಷನ್ ನೈನ್ ನೋಡದ ಒಂದು ವಿದ್ಯೆಯೂ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಆ ವಾರ ರಾಜ್ಯವೆಲ್ಲ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನೂ ಕ್ರೇನುಗಳನ್ನೂ ನೋಡುತ್ತಿತ್ತು. ಸರಿಯೇ, ಹರಿಯುವ ನೀರಿನಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಇಳಿಸುವುದು ಹುಡುಗಾಟವಲ್ಲ. ನನ್ನ ಕಣ್ಣು ಮಾತ್ರ ಟಿವಿಯ ಮೂಲೆಯಲ್ಲಿ ಬಂದುಹೋಗುತ್ತಿದ್ದ ನೀಲಿ ಕಿಡಿಗಳ ಮೇಲೆ. 60 ಅಡಿ ಉದ್ದ, 4 ಅಡಿ ಎತ್ತರದ ಐದು ತುಂಡುಗಳನ್ನು ಕೆಲವೇ ದಿನಗಳಲ್ಲಿ ಕಟ್ಟಿದ್ದರು. ಬೆಸುಗೆ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಪ್ಲೇಟನ್ನು ಎಳೆಯುತ್ತದೆ. ಅಷ್ಟುದ್ದದ ಜೋಡಣೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೆಟ್ಟಗೆ ಹೊಡೆದುಕೊಂಡು ಹೋದರೆ ಕಾದ ಎಣ್ಣೆಗೆ ಬಿಟ್ಟ ಹಪ್ಪಳವಾಗುತ್ತದೆ, ಗೇಟಿನ ಜಾಡಿನಲ್ಲಿ ಕೂರುವುದಿಲ್ಲ. ಇಲ್ಲಿಷ್ಟು ಅಲ್ಲಿಷ್ಟು, ಹಿಂದುಹಿಂದಕ್ಕೆ ಹೆಜ್ಜೆ ಹಾಕುತ್ತ, ಈ ಮಗ್ಗುಲಿಗೊಂದು ಆ ಮಗ್ಗುಲಿಗೊಂದು ಹೊಡೆಯಬೇಕು. ಯಾವುದು ಮೊದಲು ಯಾವುದು ಆಮೇಲೆ ಎಂಬ ಈ ಲೆಕ್ಕಕ್ಕೆ ಯಾವ ಜಿ-ಯೂ ಇಲ್ಲ. ಟ್ರೇಡ್ ಟೆಸ್ಟಿನ ಪುಟ್ಟ ಪ್ಲೇಟಿನಲ್ಲಿ ಅದು ಗೊತ್ತಾಗುವುದೂ ಇಲ್ಲ.

ಹುಡುಗ ಇನ್ನೂ ನಿಂತೇ ಇದ್ದ. ಟೀ ಬಂತು. ಬಿರುಕನ್ನು ಅಳೆದೆ, ಎರಡು ಮಿಲಿಮೀಟರು. ಬಗ್ಗಿದ ಮೈಯ ಮೇಲೆ ಮೂರು ಮಿಲಿಮೀಟರು ಮೀರಿದ ಬಿರುಕಿದ್ದರೆ ಫೇಲು, ಒಳಗಿದ್ದರೆ ಪಾಸು. ಮೂಲೆಯ ಬಿರುಕಿಗಂತೂ ಸೆಕ್ಷನ್ ನೈನ್ ಇನ್ನೂ ಕರುಣಾಳು: ಬಗ್ಗಿಸುವಾಗ ಮೂಲೆ ತಾನಾಗಿಯೇ ಬಿರಿಯಬಹುದು, ಲೆಕ್ಕಕ್ಕೆ ಹಿಡಿಯಬೇಡ ಎನ್ನುತ್ತದೆ. ಅಷ್ಟು ಹೇಳಿ ಒಂದು ಷರತ್ತು ಹಾಕುತ್ತದೆ. ಒಳಗೆ ಸ್ಲ್ಯಾಗ್ ಸಿಕ್ಕಿಕೊಂಡದ್ದರಿಂದಲೋ ಬೆಸೆಯದೆ ಉಳಿದದ್ದರಿಂದಲೋ ಆ ಬಿರುಕು ಹುಟ್ಟಿದೆ ಎಂಬುದಕ್ಕೆ ಸ್ಪಷ್ಟ ಗುರುತಿದ್ದರೆ ಕ್ಷಮೆಯಿಲ್ಲ. ಬಿರುಕು ಎಷ್ಟುದ್ದ ಎನ್ನುವುದಕ್ಕಿಂತ ಎಲ್ಲಿಂದ ಬಂತು ಎಂದು ಕೇಳುವ ಈ ಸಾಲಿಗಾಗಿಯೇ ನಾನು ಆ ಗ್ರಂಥವನ್ನು ಪ್ರೀತಿಸುವುದು.

‘ಎರಡೇ ಮಿಲಿಮೀಟರು. ಪಾಸು ಅಂದುಕೋ’ ಎಂದೆ.

ಅವನ ಮುಖ ಅರಳಲಿಲ್ಲ. ಭೂತಗನ್ನಡಿ ಕೇಳಿದ. ಕೊಟ್ಟೆ. ಪಟ್ಟಿಯನ್ನು ಟೇಬಲ್ ಲ್ಯಾಂಪಿನ ಕೆಳಗೆ ಹಿಡಿದು ಬಹಳ ಹೊತ್ತು ತಿರುಗಿಸಿದ. ಟೀ ಕೆನೆಗಟ್ಟಿತು.

‘ಸ್ಲ್ಯಾಗ್ ಇದೆ ಸರ್. ಬೂದಿ ಬಣ್ಣ.’

ನಾನೂ ನೋಡಿದೆ. ಇತ್ತು, ಸಾಸಿವೆಯ ಕಾಲು ಭಾಗ.

ಪಟ್ಟಿಯ ತುದಿಯಲ್ಲಿ ಅವನೇ ಪಂಚ್ ಹೊಡೆದು ಗುರುತು ಮಾಡಿದ್ದ. ಪೈಪಿನ ಸುತ್ತನ್ನು ಗಡಿಯಾರ ಎಂದುಕೊಂಡರೆ ಅದು ನಾಲ್ಕೂವರೆ ಗಂಟೆಯ ಜಾಗದಿಂದ ಕೊಯ್ದ ಪಟ್ಟಿ, ಬಿರುಕು ಕೆಳಮೂಲೆಯಲ್ಲಿ. ‘ಐದು ಗಂಟೆ’ ಎಂದ, ತನಗೆ ತಾನೇ. ‘ಅಲ್ಲೇ ರಾಡು ಬದಲಾಯಿಸಿದ್ದು. ಸರಿಯಾಗಿ ಕುಟ್ಟದೆ ಮತ್ತೆ ಶುರು ಮಾಡಿಬಿಟ್ಟೆ.’

ಪಟ್ಟಿ ಜೇಬಿಗಿಟ್ಟುಕೊಂಡು ಹೊರಟ. ಗೇಟಿನ ಹತ್ತಿರ ಕರೆದು, ಪೈಪು ಎಷ್ಟು ಉಳಿದಿದೆ ಎಂದು ಕೇಳಿದೆ.

‘ಒಂದೂವರೆ ಅಡಿ ಇದೆ ಸರ್. ಎರಡು ಕೂಪನ್ ಆಗುತ್ತೆ.’